ಎಸ್‌ಆರ್20 ಎಂಜಿನ್‌ಗೆ ಇಸಿಯು ಆರಿಸಿ ಕೂರಿಸಿದ್ದು

ನನ್ನ ನಿಸಾನ್ ಸಿಲ್ವಿಯಾ ಎಸ್14ರ ಬಾನೆಟ್ ಎತ್ತಿದರೆ ಕಾಣುವುದರಲ್ಲಿ ಅರ್ಧ ಕಾರ್ಖಾನೆಯದು, ಅರ್ಧ ಆಮೇಲೆ ಸೇರಿದ್ದು. ಎಸ್‌ಆರ್20ಡಿಇಟಿ ಎಂಜಿನ್ನಿನ ಬ್ಲಾಕ್, ಪಿಸ್ಟನ್, ಹೆಡ್ ಮೂಲದವೇ: 1998 ಸಿಸಿ, 86 ಮಿ.ಮೀ. ಬೋರ್, ಅಷ್ಟೇ ಸ್ಟ್ರೋಕ್, 8.5:1 ಕಂಪ್ರೆಷನ್. ಟರ್ಬೊ ಮಾತ್ರ ಈಗ ಗ್ಯಾರೆಟ್‌ನ ಜಿಟಿ2871ಆರ್. ಇಂಟರ್‌ಕೂಲರ್ ದೊಡ್ಡದಾಗಿದೆ, 370 ಸಿಸಿ ಇಂಜೆಕ್ಟರ್‌ಗಳ ಜಾಗಕ್ಕೆ ಹೊಸ ರೈಲಿನೊಂದಿಗೆ 1000 ಸಿಸಿಯವು ಬಂದಿವೆ, ಟ್ಯಾಂಕಿನೊಳಗೆ ಗಂಟೆಗೆ 255 ಲೀಟರ್ ಎತ್ತುವ ಪಂಪ್ ಇದೆ. ಕಂಪ್ಯೂಟರ್ ಮಾತ್ರ ಈ ಯಾವ ಬದಲಾವಣೆಯ ಸುಳಿವೂ ಇಲ್ಲದೆ, 220 ಪಿಎಸ್‌ನ ಹಳೆಯ ಲೆಕ್ಕವನ್ನೇ ಹಿಡಿದುಕೊಂಡು ಕುಳಿತಿತ್ತು. ನನ್ನ ಗುರಿ 350 ಅಶ್ವಶಕ್ತಿಯ ಆಸುಪಾಸು. ಅದಕ್ಕೆ ತಕ್ಕ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಆರಿಸಿ, ತಂತಿ ಎಳೆದು, ಎಂಜಿನ್ ಓಡಿಸುವವರೆಗಿನ ಕೆಲಸದ ದಾಖಲೆ ಇದು.

ಇಸಿಯು ಬದಲಾಯಿಸಿದರೆ ಎಷ್ಟು ಶಕ್ತಿ ಹೆಚ್ಚುತ್ತದೆ ಎಂದು ಕೇಳುವವರಿದ್ದಾರೆ. ಪೆಟ್ಟಿಗೆಯಿಂದ ಬರುವ ಶಕ್ತಿ ಸೊನ್ನೆ. ಶಕ್ತಿ ಕೊಡುವುದು ಗಾಳಿ ಮತ್ತು ಇಂಧನ. ಎಷ್ಟು ಗಾಳಿ ಬಂತು, ಅದಕ್ಕೆ ಎಷ್ಟು ಇಂಧನ, ಕಿಡಿ ಯಾವಾಗ ಎಂಬ ಲೆಕ್ಕ ಇಡುವುದು ಇಸಿಯುವಿನ ಮೊದಲ ಕೆಲಸ. ಲೆಕ್ಕ ತಪ್ಪಿದ ಗಳಿಗೆಯಲ್ಲಿ ಪಿಸ್ಟನ್ ಕರಗುವ ಮೊದಲೇ ಎಂಜಿನ್ನನ್ನು ತಡೆದು ನಿಲ್ಲಿಸುವುದು ಎರಡನೆಯದು. ಮೊದಲ ಕೆಲಸವನ್ನು ಇಂದು ಮಾರುಕಟ್ಟೆಯಲ್ಲಿರುವ ಬಹುತೇಕ ಪೆಟ್ಟಿಗೆಗಳು ಸರಿಯಾಗಿಯೇ ಮಾಡುತ್ತವೆ. ನಾನು ಆರಿಸಿದ್ದು ಎರಡನೆಯದನ್ನು ನೋಡಿ.

ಹಳೆಯ ಕಂಪ್ಯೂಟರನ್ನೇ ಉಳಿಸಿಕೊಳ್ಳಬಹುದಿತ್ತೇ?

ಉಳಿಸಿಕೊಳ್ಳಬಹುದಿತ್ತು, ಒಂದು ಮಿತಿಯವರೆಗೆ. ನಿಸಾನ್‌ನ ಆ ಕಾಲದ ಇಸಿಯು ಗಾಳಿಯನ್ನು ಅಳೆಯುವುದು ಬಿಸಿತಂತಿಯ ಏರ್‌ಫ್ಲೋ ಮೀಟರ್ ಮೂಲಕ. ಗಾಳಿ ಹರಿದಂತೆ ತಂತಿ ತಣ್ಣಗಾಗುತ್ತದೆ. ಅದನ್ನು ಬಿಸಿಯಾಗಿಡಲು ಬೇಕಾಗುವ ವಿದ್ಯುತ್ತೇ ಗಾಳಿಯ ಅಳತೆ. ಒಳಗೆ ಹೋದ ಗಾಳಿಯ ದ್ರವ್ಯರಾಶಿ ನೇರವಾಗಿ ಸಿಗುವುದರಿಂದ ಇದು ಜಾಣ ವಿಧಾನವೇ. ವಾಲ್ವ್ ತೆರೆಯುವ ಕ್ಯಾಮ್ ಬದಲಾಯಿಸಿದರೂ ಎಕ್ಸಾಸ್ಟ್ ಬದಲಾಯಿಸಿದರೂ ಇಂಧನದ ಲೆಕ್ಕ ಬಹುಮಟ್ಟಿಗೆ ತಾನೇ ಸರಿಹೋಗುತ್ತದೆ. ತೊಂದರೆ ಇರುವುದು ಮೇಲಿನ ತುದಿಯಲ್ಲಿ. ಮೀಟರಿನ ಸಂಕೇತ 5.12 ವೋಲ್ಟ್ ಮುಟ್ಟಿದ ಮೇಲೆ ಇಸಿಯುವಿಗೆ ಮುಂದಿನದು ಕಾಣುವುದಿಲ್ಲ. ಟರ್ಬೊ ಇನ್ನಷ್ಟು ಗಾಳಿ ನೂಕುತ್ತಿರುತ್ತದೆ, ಇಂಧನ ಅಲ್ಲೇ ನಿಂತಿರುತ್ತದೆ. ಅದಕ್ಕೇ ಈ ಎಂಜಿನ್ ಕಟ್ಟುವವರು 300ಝಡ್‌ಎಕ್ಸ್ ಕಾರಿನ ದೊಡ್ಡ ಮೀಟರನ್ನು, ಅಂದರೆ ಎಲ್ಲರೂ ಝಡ್32 ಎಂದು ಕರೆಯುವುದನ್ನು, ತಂದು ಕೂರಿಸುವುದು.

ಇನ್ನೊಂದು ಹಳೆಯ ದಾರಿ ಪಿಗ್ಗಿಬ್ಯಾಕ್. ಮೂಲ ಇಸಿಯು ಮತ್ತು ಮೀಟರ್ ನಡುವೆ ಒಂದು ಡಬ್ಬಿ ಕೂರಿಸಿ, ಮೀಟರಿನ ಸಂಕೇತವನ್ನು ತಗ್ಗಿಸಿ ಇಸಿಯುವಿನ ಕಣ್ಣಿಗೆ ಮಣ್ಣೆರಚುವ ಉಪಾಯ. ನನ್ನ ಕಾರಿನ ಲೆಕ್ಕವನ್ನೇ ನೋಡಿ. 370ರ ಜಾಗದಲ್ಲಿ 1000 ಸಿಸಿ ಇಂಜೆಕ್ಟರ್ ಇದ್ದರೆ, ಇಂಧನ ಸರಿಹೋಗಲು ಗಾಳಿಯ ಲೆಕ್ಕವನ್ನು ಶೇ 37ಕ್ಕೆ ಇಳಿಸಿ ತೋರಿಸಬೇಕು. ಇಂಧನವೇನೋ ಸರಿಹೋಗುತ್ತದೆ. ಆದರೆ ಕಿಡಿಯ ಸಮಯವನ್ನು ಇಸಿಯು ಆರಿಸುವುದೂ ಇದೇ ಗಾಳಿಯ ಲೆಕ್ಕದಿಂದ. ಪೂರ್ತಿ ಬೂಸ್ಟ್‌ನಲ್ಲಿ (ಟರ್ಬೊ ನೂಕುವ ಗಾಳಿಯ ಪೂರ್ತಿ ಒತ್ತಡದಲ್ಲಿ) ಏದುಸಿರು ಬಿಡುತ್ತಿರುವ ಎಂಜಿನ್, ಇಸಿಯುವಿನ ಪಾಲಿಗೆ ಸಮತಟ್ಟು ರಸ್ತೆಯಲ್ಲಿ ಆರಾಮವಾಗಿ ಹೋಗುತ್ತಿರುವಂತೆ ಕಾಣುತ್ತದೆ. ಅದು ಹಗುರ ಹೊರೆಯ ಕೋಷ್ಟಕಕ್ಕೆ ಹೋಗಿ, ಅಲ್ಲಿರುವಷ್ಟು ಅಡ್ವಾನ್ಸ್ ತಂದು ಕೊಡುತ್ತದೆ, ಅಂದರೆ ಕಿಡಿಯನ್ನು ಅಷ್ಟು ಮುಂಚೆಯೇ ಹಾರಿಸುತ್ತದೆ. ಮುಂದಿನದು ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಇಂಧನ ತಾನಾಗಿ ಸಿಡಿಯುವುದು. ಅದರ ಮುಂದಿನದು ಒಡೆದ ರಿಂಗ್ ಲ್ಯಾಂಡ್, ಅಂದರೆ ಪಿಸ್ಟನ್ನಿನಲ್ಲಿ ರಿಂಗ್ ಹಿಡಿದಿಡುವ ಅಂಚು. ಇಂಜೆಕ್ಟರ್ ಸ್ವಲ್ಪವೇ ದೊಡ್ಡದಾದಾಗ ಈ ಡಬ್ಬಿಗಳಿಂದ ಬದುಕಿದವರು ಬಹಳ ಮಂದಿ. ಆದರೆ ಇಂದು ಅವನ್ನು ಹೊಸದಾಗಿ ಹಾಕುವುದಕ್ಕೆ ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಆಸ್ಟ್ರೇಲಿಯದ ನಿಸ್‌ಟ್ಯೂನ್ ಇದಕ್ಕಿಂತ ಎಷ್ಟೋ ಪ್ರಾಮಾಣಿಕವಾದ ದಾರಿ. ಮೂಲ ಇಸಿಯುವಿನೊಳಗೇ ಒಂದು ಚಿಕ್ಕ ಬೋರ್ಡನ್ನು ಬೆಸುಗೆ ಹಾಕಿ, ನಿಸಾನ್ ಬರೆದ ಪ್ರೋಗ್ರಾಮಿನ ಕೋಷ್ಟಕಗಳನ್ನೇ ತಿದ್ದುವ ವ್ಯವಸ್ಥೆ ಅದು. ಇಂಜೆಕ್ಟರಿನ ಗಾತ್ರ, ಅದು ತೆರೆಯುವ ವಿಳಂಬ, ಮೀಟರಿನ ವಕ್ರರೇಖೆ, ಕಿಡಿ, ಎಲ್ಲವನ್ನೂ ನಿಜವಾದ ಅಂಕಿಯಲ್ಲೇ ಹೇಳಬಹುದು. ಚಳಿಯಲ್ಲಿ ಸ್ಟಾರ್ಟ್ ಆಗುವುದು, ಐಡಲ್, ಎಸಿ ಹಾಕಿದಾಗ ಎಂಜಿನ್ ತಗ್ಗದಿರುವುದು ಮುಂತಾದ ಕಾರ್ಖಾನೆಯ ಸೂಕ್ಷ್ಮಗಳು ಹಾಗೇ ಉಳಿಯುತ್ತವೆ. ಮೂಲ ಟರ್ಬೊ ಇಟ್ಟುಕೊಂಡು ಬೂಸ್ಟ್ ಸ್ವಲ್ಪ ಏರಿಸುವವರು ಇಲ್ಲಿಯೇ ಓದು ನಿಲ್ಲಿಸಿ ಅದನ್ನೇ ಹಾಕಿಸಿಕೊಂಡರೆ ನಷ್ಟವಿಲ್ಲ. ನನಗೆ ಬೇಕಾಗಿದ್ದುದು ತೈಲದ ಒತ್ತಡ ಮತ್ತು ಇಂಧನದ ಒತ್ತಡವನ್ನು ಪ್ರತಿ ಕ್ಷಣ ನೋಡಿ ತೀರ್ಮಾನಿಸುವ ಕಂಪ್ಯೂಟರ್. ಆ ಸೆನ್ಸರ್‌ಗಳಿಗೆ ಮೂಲ ಪೆಟ್ಟಿಗೆಯಲ್ಲಿ ಬಾಗಿಲೇ ಇಲ್ಲ.

ಜಪಾನಿನ ಅಪೆಕ್ಸಿ ಕಂಪನಿಯ ಪವರ್ ಎಫ್‌ಸಿ ಬಗ್ಗೆ ಒಂದು ಮಾತು. ಮೂಲ ಪ್ಲಗ್‌ಗೇ ಸೇರುವ ಪೆಟ್ಟಿಗೆ, 20×20 ಕೋಷ್ಟಕ, ಕೈಯಲ್ಲಿ ಹಿಡಿಯುವ ಕಮಾಂಡರ್. ಅದರ ಕಾಲಕ್ಕೆ ಅದು ದೊಡ್ಡ ಸಂಗತಿ. ಆದರೆ ಸಿಲ್ವಿಯಾದ ಆವೃತ್ತಿಗೂ ಏರ್‌ಫ್ಲೋ ಮೀಟರ್ ಬೇಕು, ಮತ್ತು ನನಗೆ ಬೇಕಾದ ರಕ್ಷಣೆ ಅದರಲ್ಲೂ ಇಲ್ಲ. ಎಚ್‌ಕೆಎಸ್‌ನ ಎಫ್-ಕಾನ್ ವಿ ಪ್ರೊ ಒಳ್ಳೆಯ ಪೆಟ್ಟಿಗೆ ಎಂಬ ಹೆಸರಿದೆ. ಆದರೆ ಕಂಪನಿ ಒಪ್ಪಿದ ಡೀಲರ್ ಮಾತ್ರ ಅದನ್ನು ಟ್ಯೂನ್ ಮಾಡಬಲ್ಲ. ನನ್ನ ಎಂಜಿನ್ನಿನ ಅಂಕಿಗಳನ್ನು ನಾನೇ ನೋಡಲಾಗದ ಪೆಟ್ಟಿಗೆ ನನಗೆ ಬೇಡ.

ಈ ಹಟಕ್ಕೆ ಹಿನ್ನೆಲೆ ಇದೆ. ಹಿಂದಿನ ಕಾರೊಂದನ್ನು ಟ್ಯೂನ್ ಮಾಡಿದವರು ಫೈಲ್‌ಗೆ ಪಾಸ್‌ವರ್ಡ್ ಹಾಕಿ, ಕೇಳಿದರೆ ಅದು ತಮ್ಮ ಬೌದ್ಧಿಕ ಆಸ್ತಿ ಎಂದರು. ಇಂಜೆಕ್ಟರ್ ಬದಲಾಯಿಸಿದಾಗ ಎಲ್ಲವನ್ನೂ ಅಳಿಸಿ ಮೊದಲಿನಿಂದ ಮಾಡಿಸಬೇಕಾಯಿತು. ಹಾಗಾಗಿ ಈ ಸಲ ಕೆಲಸ ಒಪ್ಪಿಸುವ ಮೊದಲೇ ಕಾಗದದ ಮೇಲೆ ಬರೆಸಿಕೊಂಡದ್ದು ಒಂದೇ ಷರತ್ತು: ಫೈಲ್ ತೆರೆದೇ ಇರಬೇಕು, ಒಂದು ಪ್ರತಿ ನನ್ನ ಬಳಿ ಇರಬೇಕು.

ಮೊದಲು ನೋಡಬೇಕಾದ್ದು ಕ್ರ್ಯಾಂಕ್ ಎಲ್ಲಿದೆ ಎಂದು ತಿಳಿಯುವ ಬಗೆ

ಇಸಿಯು ಕಂಪನಿಗಳ ಪಟ್ಟಿಗಳಲ್ಲಿ ಮೊದಲು ಕಾಣುವುದು ಲಾಂಚ್ ಕಂಟ್ರೋಲ್, ಟ್ರ್ಯಾಕ್ಷನ್ ಕಂಟ್ರೋಲ್, ಬಣ್ಣದ ಡ್ಯಾಶ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಇದೇ. ಪಿಸ್ಟನ್ ಮತ್ತು ಅದು ತಿರುಗಿಸುವ ಕ್ರ್ಯಾಂಕ್ ಯಾವ ಕ್ಷಣದಲ್ಲಿ ಎಲ್ಲಿವೆ ಎಂಬುದು ಇಸಿಯುವಿಗೆ ಖಚಿತವಾಗಿ ಗೊತ್ತಿಲ್ಲದಿದ್ದರೆ ಮಿಕ್ಕ ಯಾವುದಕ್ಕೂ ಅರ್ಥವಿಲ್ಲ. ಎಸ್‌ಆರ್20 ವಿಷಯದಲ್ಲಿ ಈ ಪ್ರಶ್ನೆ ಸ್ವಲ್ಪ ಜಟಿಲ.

ನಿಸಾನ್ ಇಲ್ಲಿ ಬಳಸಿದ್ದು ಬೆಳಕಿನ ಸೆನ್ಸರ್. ಕ್ಯಾಮ್‌ನಿಂದ ತಿರುಗುವ ತೆಳುವಾದ ಲೋಹದ ತಟ್ಟೆ, ಅದರ ಅಂಚಿನ ಸುತ್ತ 360 ಸೀಳುಗಳು, ಒಳಗಿನ ಸುತ್ತಿನಲ್ಲಿ ನಾಲ್ಕು ಸಿಲಿಂಡರ್‌ಗೆ ನಾಲ್ಕು ಕಿಂಡಿಗಳು. ಕಿಂಡಿಗಳ ಅಗಲ ಒಂದರಂತೆ ಒಂದಿಲ್ಲ, ಹಾಗಾಗಿ ಯಾವ ಸಿಲಿಂಡರ್ ಎಂದು ಗೊತ್ತಾಗುತ್ತದೆ. ಕ್ಯಾಮ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಆದ್ದರಿಂದ ಒಂದೊಂದು ಸೀಳೂ ಕ್ರ್ಯಾಂಕಿನ ಎರಡು ಡಿಗ್ರಿ. ಕಾಗದದ ಮೇಲೆ ಇದು ಬಹಳ ನಿಖರ. ಆದರೆ 7500 ಆರ್‌ಪಿಎಂನಲ್ಲಿ ಕ್ಯಾಮ್ ಸೆಕೆಂಡಿಗೆ 62.5 ಸುತ್ತು ಹೊಡೆಯುತ್ತದೆ. ಅದನ್ನು 360ರಿಂದ ಗುಣಿಸಿದರೆ ಸೆಕೆಂಡಿಗೆ 22,500 ಸಂಕೇತಗಳು. ನಿಸಾನ್ ಇಸಿಯು ಅದಕ್ಕೆಂದೇ ಕಟ್ಟಿದ ಸರ್ಕ್ಯೂಟಿನಿಂದ ಇವನ್ನು ಎಣಿಸುತ್ತದೆ. ಹೊರಗಿನ ಪೆಟ್ಟಿಗೆಗಳಲ್ಲಿ ಕೆಲವು ಎಣಿಸುತ್ತವೆ, ಕೆಲವು ತಡವರಿಸುತ್ತವೆ. ಅದರ ಮೇಲೆ ಹಳೆಯ ಸೆನ್ಸರ್‌ನೊಳಗೆ ಎಣ್ಣೆ ನುಗ್ಗಿ ತಟ್ಟೆಯ ಮೇಲೆ ಕೂತರೆ ಆ ಸಣ್ಣ ಸೀಳುಗಳೇ ಮೊದಲು ಮುಚ್ಚಿಹೋಗುವುದು.

ಮೂರು ದಾರಿಗಳಿದ್ದವು. 360 ಸೀಳನ್ನು ಓದಬಲ್ಲ ಪೆಟ್ಟಿಗೆಯನ್ನೇ ಕೊಳ್ಳುವುದು. ಅದೇ ಸೆನ್ಸರ್‌ನೊಳಗಿನ ತಟ್ಟೆಯನ್ನು ತೆಗೆದು 24 ಕಿಂಡಿ ಮತ್ತು ಒಂದು ಗುರುತಿನ ಕಿಂಡಿ ಇರುವ ತಟ್ಟೆ ಹಾಕುವುದು. ಇಲ್ಲವೇ ಕ್ರ್ಯಾಂಕ್ ಪುಲ್ಲಿಗೆ ಹಲ್ಲಿನ ಚಕ್ರ ಕಟ್ಟಿ, ಹಲ್ಲುಗಳನ್ನು ಕಾಂತದಿಂದ ಗುರುತಿಸುವ ಹಾಲ್ ಸೆನ್ಸರ್ ಇಟ್ಟು, ಕ್ಯಾಮ್ ಸೆನ್ಸರನ್ನು ಬರೀ ಗುರುತಿಗೆ ಬಿಡುವುದು. ಮೂರನೆಯದೇ ಶ್ರೇಷ್ಠ, ಅದರಲ್ಲಿ ವಾದವಿಲ್ಲ. ಟೈಮಿಂಗ್ ಚೈನ್ ಹಿಗ್ಗಿ ಕುಗ್ಗುವುದು, ಕ್ಯಾಮ್ ತಿರುಚಿಕೊಳ್ಳುವುದು, ಇವು ಯಾವುವೂ ಕ್ರ್ಯಾಂಕಿನ ಅಳತೆಯನ್ನು ಕೆಡಿಸಲಾರವು. ಸದಾ 8000 ಆರ್‌ಪಿಎಂ ಆಚೆ ಇರುವ ಎಂಜಿನ್ ಆಗಿದ್ದರೆ ಎರಡನೆಯ ಯೋಚನೆ ಇರುತ್ತಿರಲಿಲ್ಲ. 350 ಅಶ್ವಶಕ್ತಿಯ, 7300ಕ್ಕೆ ನಿಲ್ಲುವ, ರಸ್ತೆಯ ಕಾರಿಗೆ 24 ಕಿಂಡಿಯ ತಟ್ಟೆ ಸಾಕೆನಿಸಿತು. ಈಗ 7500ರಲ್ಲೂ ಸೆಕೆಂಡಿಗೆ 1500 ಸಂಕೇತ ಮಾತ್ರ. ಯಾವ ಪೆಟ್ಟಿಗೆಗೂ ಅದು ಲೆಕ್ಕಕ್ಕಿಲ್ಲ. ಕಿಂಡಿಯಿಂದ ಕಿಂಡಿಗೆ ಕ್ರ್ಯಾಂಕಿನ 30 ಡಿಗ್ರಿ ಅಂತರ ಇರುವುದರಿಂದ ನಡುವಿನದನ್ನು ಇಸಿಯು ಊಹಿಸಬೇಕಾಗುತ್ತದೆ ನಿಜ. ವೇಗ ಒಮ್ಮೆಲೇ ಏರಿಳಿಯುವ ಸ್ಟಾರ್ಟ್ ಹೊತ್ತಿನಲ್ಲಿ ಬಿಟ್ಟರೆ ಆ ಊಹೆ ತಪ್ಪುವುದು ಕಡಿಮೆ.

ತಟ್ಟೆ ಬದಲಾಯಿಸುವ ಕೆಲಸ ಚಿಕ್ಕದು, ಆದರೆ ಕೈ ಸೂಕ್ಷ್ಮವಾಗಿರಬೇಕು. ಮುಚ್ಚಳ ತೆಗೆದರೆ ಒಳಗೆ ಪ್ಲಾಸ್ಟಿಕ್ ಕವಚ, ಅದರ ಕೆಳಗೆ ತಟ್ಟೆ, ತಟ್ಟೆಯ ಅಂಚನ್ನು ಕಚ್ಚಿಕೊಂಡಂತೆ ಕುಳಿತ ಕಪ್ಪು ಸೆನ್ಸರ್. ಸೀಳುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಬಾಚಣಿಗೆಯ ಹಲ್ಲಿಗಿಂತ ಸಣ್ಣ. ಅದರಲ್ಲಿ ಒಂದು ಕಡೆ ಕಂದು ಎಣ್ಣೆಯ ಪೊರೆ ಆಗಲೇ ಕಟ್ಟಿತ್ತು. ಹೊಸ ತಟ್ಟೆ ಸೆನ್ಸರಿನ ಎರಡೂ ದವಡೆಗೆ ತಾಗದೆ ನಡುವೆ ತಿರುಗಬೇಕು. ಶಾಫ್ಟನ್ನು ಬೆರಳಲ್ಲಿ ತಿರುಗಿಸಿ, ಎಲ್ಲೂ ಉಜ್ಜುವ ಸದ್ದಿಲ್ಲವೆಂದು ಖಚಿತಪಡಿಸಿಕೊಂಡು, ಎಣ್ಣೆ ಸೀಲನ್ನೂ ಹೊಸದು ಹಾಕಿ ಮುಚ್ಚಿದೆ.

ಉಳಿದ ಜರಡಿ

ಕ್ರ್ಯಾಂಕಿನ ಪ್ರಶ್ನೆ ಮುಗಿದ ಮೇಲೆ ಪಟ್ಟಿ ದೊಡ್ಡದೇ ಆಯಿತು: ನ್ಯೂಜಿಲೆಂಡಿನ ಲಿಂಕ್, ಆಸ್ಟ್ರೇಲಿಯದ ಹಾಲ್ಟೆಕ್ ಮತ್ತು ಮೋಟೆಕ್, ಪೋಲೆಂಡಿನ ಇಸಿಯುಮಾಸ್ಟರ್, ಸ್ವೀಡನ್ನಿನ ಮ್ಯಾಕ್ಸ್‌ಇಸಿಯು, ಬೆಸುಗೆ ಕಡ್ಡಿ ಹಿಡಿದು ತಾವೇ ಕಟ್ಟಿಕೊಳ್ಳುವವರಿಗೆ ಮೆಗಾಸ್ಕ್ವರ್ಟ್ ಮತ್ತು ಆರ್ಡುಯಿನೊ ಮೇಲೆ ನಿಂತ ಸ್ಪೀಡುಯಿನೊ. ಮೋಟೆಕ್ ಬಗ್ಗೆ ಗೌರವವಿದೆ. ಆದರೆ ಅದರ ಸಾಮರ್ಥ್ಯದ ಕಾಲುಭಾಗವನ್ನೂ ಈ ಕಾರು ಬಳಸುವುದಿಲ್ಲ. ಮೆಗಾಸ್ಕ್ವರ್ಟ್‌ನಿಂದ ಕಲಿಯುವುದು ಬೇರೆ ಯಾವುದರಿಂದಲೂ ಕಲಿಯುವುದಕ್ಕಿಂತ ಹೆಚ್ಚು. ಕಲಿಕೆಯೇ ಗುರಿಯಾಗಿದ್ದರೆ ಅದನ್ನೇ ಹಾಕುತ್ತಿದ್ದೆ.

ಜರಡಿಯ ಕಣ್ಣುಗಳು ಇವು. ಎರಡು ಒತ್ತಡದ ಸೆನ್ಸರ್‌ಗೆ ಹೆಚ್ಚುವರಿ ಅನಲಾಗ್ ಪ್ರವೇಶ. ಬಾಷ್ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡನ್ನು (ಎಕ್ಸಾಸ್ಟಿನ ಆಮ್ಲಜನಕ ಅಳೆಯುವ ಸೆನ್ಸರ್) ನೇರವಾಗಿ ನಡೆಸುವ ಸರ್ಕ್ಯೂಟ್; ಬೇರೆ ಗೇಜಿನ ಅನಲಾಗ್ ಔಟ್‌ಪುಟ್ ಮೂಲಕ ಬಂದರೆ ಗ್ರೌಂಡ್ ವ್ಯತ್ಯಾಸದಿಂದ ಅಂಕಿ ವಾಲುತ್ತದೆ. ನಾಕ್ ಸಂಕೇತವನ್ನು ಆವರ್ತನಕ್ಕೆ ತಕ್ಕಂತೆ ಸೋಸುವ ಸಾಮರ್ಥ್ಯ. ಎಸ್14ರ ಇನ್‌ಟೇಕ್ ಕ್ಯಾಮನ್ನು ಸರಿಸುವ ವಿಟಿಸಿ ಸೊಲೆನಾಯ್ಡ್, ಐಡಲ್ ವಾಲ್ವ್, ಫ್ಯಾನ್, ಪಂಪ್, ಟ್ಯಾಕೊಮೀಟರ್, ಬೂಸ್ಟ್ ಸೊಲೆನಾಯ್ಡ್ ಇಷ್ಟಕ್ಕೂ ಔಟ್‌ಪುಟ್. ಇವೆಲ್ಲ ಕೂಡಿದ ಮೇಲೂ ಉಳಿದವುಗಳಲ್ಲಿ ನನ್ನ ಟ್ಯೂನರ್ ದಿನಾ ಬಳಸುವುದು ಯಾವುದು ಎಂಬುದು ಕೊನೆಯ ಮಾತು. ಇದನ್ನು ಹಲವರು ಮೊದಲ ಕಾರಣವಾಗಿ ಹೇಳುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಕಾರಣ, ಆದರೆ ತೂಕದ ಕಾರಣ: ಟ್ಯೂನರ್‌ಗೆ ಪರಿಚಯವಿಲ್ಲದ ತಂತ್ರಾಂಶದಲ್ಲಿ ಎಂಜಿನ್ನಿನ ಶಕ್ತಿ ಅಳೆಯುವ ಡೈನೊ ಮೇಲೆ ಮೆನು ಹುಡುಕುತ್ತಾ ಕುಳಿತರೆ ಕಾಯುವುದು ಎಂಜಿನ್.

ಹೀಗೆ ಬಂದದ್ದು ಇಸಿಯುಮಾಸ್ಟರ್‌ನ ಇಎಂಯು ಬ್ಲ್ಯಾಕ್. ಆರು ಇಂಜೆಕ್ಟರ್, ಆರು ಕಿಡಿ ಔಟ್‌ಪುಟ್; ನಾಲ್ಕು ಸಿಲಿಂಡರ್‌ಗೆ ನಾಲ್ಕೇ ಸಾಕು. ವೈಡ್‌ಬ್ಯಾಂಡ್ ಸರ್ಕ್ಯೂಟ್ ಒಳಗೇ ಇದೆ. 400 ಕಿಲೊಪಾಸ್ಕಲ್‌ವರೆಗೆ ಅಳೆಯುವ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರೂ ಒಳಗೇ ಇದೆ. ಆದರೆ ಕ್ಯಾಬಿನ್‌ವರೆಗೆ ರಬ್ಬರ್ ನಳಿಕೆ ಎಳೆಯುವುದು ನನಗೆ ಇಷ್ಟವಿಲ್ಲ. ನಳಿಕೆ ಉದ್ದವಾದಷ್ಟೂ ಅಳತೆ ತಡವಾಗುತ್ತದೆ, ಮೆತ್ತಗಾಗಿ ಕಳಚಿದರೆ ಪೂರ್ತಿ ಬೂಸ್ಟಿನಲ್ಲೂ ಇಸಿಯುವಿಗೆ ಕಾಣುವುದು ವಾತಾವರಣದ ಒತ್ತಡ ಮಾತ್ರ. ಮ್ಯಾನಿಫೋಲ್ಡ್ ಪಕ್ಕದಲ್ಲೇ ಬೇರೆ ಸೆನ್ಸರ್ ಕೂರಿಸಿದೆ.

ಇದರಿಂದ ಏರ್‌ಫ್ಲೋ ಮೀಟರ್ ಹೋಯಿತು, ಜಾಗಕ್ಕೆ ಒತ್ತಡ ಮತ್ತು ತಾಪಮಾನದ ಲೆಕ್ಕ ಬಂತು. ಮೀಟರ್ ಇದ್ದ ನನ್ನ ಕಾರಿನಲ್ಲಿ ಒಳಗಾಳಿಯ ತಾಪಮಾನದ ಸೆನ್ಸರ್ ಇರಲಿಲ್ಲ, ಹಾಗಾಗಿ ಇಂಟರ್‌ಕೂಲರ್ ದಾಟಿದ ಪೈಪಿಗೆ ತೆರೆದ ತುದಿಯ ಸೆನ್ಸರ್ ಒಂದನ್ನು ಕೂರಿಸಬೇಕಾಯಿತು. ಮುಚ್ಚಿದ ತುದಿಯದು ಬಿಸಿ ಲೋಹವನ್ನು ಅಳೆಯುತ್ತಾ ಕೂರುತ್ತದೆ. ಗಾಳಿ ಆಗಲೇ ತಣ್ಣಗಾಗಿರುತ್ತದೆ.

ಇಂಜೆಕ್ಟರಿನ ಗಾತ್ರ ಅತಿಯಾಯಿತೇ ಎಂದು ಕೇಳಿದವರಿಗೆ ಲೆಕ್ಕ ಇಲ್ಲಿದೆ. ಟರ್ಬೊ ಎಂಜಿನ್ ಒಂದು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 6.3 ಸಿಸಿ ಪೆಟ್ರೋಲ್ ಕೇಳುತ್ತದೆ ಎಂದಿಟ್ಟುಕೊಂಡರೆ 350ಕ್ಕೆ 2205 ಸಿಸಿ, ಸಿಲಿಂಡರಿಗೆ 551. ಇಂಜೆಕ್ಟರನ್ನು ಶೇ 85ಕ್ಕಿಂತ ಹೆಚ್ಚು ಹೊತ್ತು ತೆರೆದಿಡಬಾರದು ಎಂದರೆ 650 ಸಿಸಿಯದು ಬೇಕು. ಎಥೆನಾಲ್ ಬೆರೆತ ಇ85ಕ್ಕೆ ಇದರ ಮೇಲೆ ಶೇ 40ರಷ್ಟು ಸೇರಿಸಿ: 900 ದಾಟುತ್ತದೆ. ಆದ್ದರಿಂದ 1000.

ತಂತಿಗಳು

ಎಂಜಿನ್ ವೈರಿಂಗನ್ನು ಪೂರ್ತಿ ಹೊಸದಾಗಿ ಹೆಣೆದೆ. ಮೂಲ ಪ್ಲಗ್‌ಗೆ ಸೇರುವ ಅಡಾಪ್ಟರ್‌ಗಳು ಸಿಗುತ್ತವೆ, ಕೆಲಸ ಒಂದೇ ದಿನದ್ದಾಗುತ್ತದೆ. ಆದರೆ ತೊಂಬತ್ತರ ದಶಕದ ತಂತಿಗಳ ಹೊದಿಕೆ ಟರ್ಬೊ ಪಕ್ಕದಲ್ಲಿ ಬಿಸ್ಕತ್ತಿನಂತೆ ಪುಡಿಯಾಗುತ್ತಿತ್ತು. ಅದಕ್ಕೆ ಹೊಸ ಇಸಿಯು ಜೋಡಿಸುವುದರಲ್ಲಿ ಅರ್ಥ ಕಾಣಲಿಲ್ಲ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ಹೋದದ್ದು ಗ್ರೌಂಡ್‌ಗಳ ಮೇಲೆ. ಕಾಯಿಲ್‌ಗಳ ಗ್ರೌಂಡ್ ಹೆಡ್ಡಿಗೇ ಹೋಗಬೇಕು, ಏಕೆಂದರೆ ಕಿಡಿಯ ವಿದ್ಯುತ್ ಮರಳಿ ಬರುವುದು ಅಲ್ಲಿಂದಲೇ. ಇಸಿಯುವಿನ ಪವರ್ ಗ್ರೌಂಡ್ ಎಂಜಿನ್ ಬ್ಲಾಕಿಗೆ. ಸೆನ್ಸರ್‌ಗಳ ಗ್ರೌಂಡ್ ಮಾತ್ರ ಎಲ್ಲೂ ಬಾಡಿಗೆ ತಾಗದೆ ನೇರ ಇಸಿಯುವಿನ ತನ್ನದೇ ಪಿನ್ನಿಗೆ. ಇದನ್ನು ಬೆರೆಸಿದರೆ ಫ್ಯಾನ್ ಶುರುವಾದಾಗಲೆಲ್ಲ ನೀರಿನ ತಾಪಮಾನ ಎರಡು ಡಿಗ್ರಿ ಜಿಗಿಯುವ ವಿಚಿತ್ರಗಳು ಹುಟ್ಟುತ್ತವೆ. ಕ್ಯಾಮ್ ಸೆನ್ಸರಿನ ಎರಡು ಸಂಕೇತಕ್ಕೂ ಷೀಲ್ಡ್ ಇರುವ ಕೇಬಲ್; ಷೀಲ್ಡ್ ಇಸಿಯು ತುದಿಯಲ್ಲಿ ಮಾತ್ರ ಜೋಡಣೆ, ಸೆನ್ಸರ್ ತುದಿಯಲ್ಲಿ ಕತ್ತರಿಸಿ ಹೀಟ್‌ಷ್ರಿಂಕ್ ಹೊದಿಸಿದ್ದು.

ಮೂಲ ಕಾಯಿಲ್ ವ್ಯವಸ್ಥೆಯಲ್ಲಿ ಇಗ್ನೈಟರ್ ಬೇರೆ ಪೆಟ್ಟಿಗೆಯಲ್ಲಿ ಇರುತ್ತದೆ. ಅದನ್ನು ಬಿಟ್ಟು ಜಿಟಿ-ಆರ್ ಆರ್35ರ ಕಾಯಿಲ್‌ಗಳನ್ನು ಹಾಕಿದೆ. ಇಗ್ನೈಟರ್ ಒಳಗೇ ಇದೆ. ಪ್ಲಗ್ ಅಂತರ 0.7 ಮಿ.ಮೀ.

ಇಂಧನ, ಕಾಯಿಲ್ ಎರಡನ್ನೂ ಕಳಚಿಟ್ಟು, ಬರೀ ಸ್ಟಾರ್ಟರ್ ತಿರುಗಿಸಿ ಆಸಿಲೋಸ್ಕೋಪಿನಲ್ಲಿ ಕ್ಯಾಮ್ ಸಂಕೇತ ನೋಡಿದೆ. ಪರದೆ ಮೇಲೆ ಏನೂ ಇಲ್ಲ, ನೇರ ಗೆರೆ. ಇದಕ್ಕೆ ಗಾಬರಿಯಾಗಬೇಕಿಲ್ಲ. ನಿಸಾನ್ ಸೆನ್ಸರ್ ತಾನಾಗಿ ವೋಲ್ಟೇಜ್ ಹೊರಹಾಕುವುದಿಲ್ಲ. ತಂತಿಯನ್ನು ಗ್ರೌಂಡಿಗೆ ಎಳೆದು ಬಿಡುವುದಷ್ಟೇ ಅದರ ಕೆಲಸ. ಮೇಲಕ್ಕೆ ಎಳೆಯಲು ಇಸಿಯು ಕಡೆಯಿಂದ ಪುಲ್‌ಅಪ್ ಬೇಕು. ತಂತ್ರಾಂಶದಲ್ಲಿ ಅದನ್ನು ಹಾಕಿದ ಕೂಡಲೇ ಐದು ವೋಲ್ಟಿಗೂ ಸೊನ್ನೆಗೂ ನಡುವೆ ಚೌಕಾಕಾರದ ಅಲೆಗಳು ನಿಂತವು. ಪಿಸ್ಟನ್ ಕಂಪ್ರೆಷನ್‌ಗೆ ಏರುವಾಗ ಅಲೆ ಅಗಲವಾಗುತ್ತದೆ, ದಾಟಿದ ಮೇಲೆ ಕಿರಿದಾಗುತ್ತದೆ. ಸ್ಟಾರ್ಟರ್ ಏದುವುದನ್ನು ಕಣ್ಣಲ್ಲಿ ನೋಡಬಹುದು. ಅಲೆಯ ಮೂಲೆ ಚೂಪಾಗಿದ್ದರೆ ಸರಿ. ದುಂಡಗಾಗಿದ್ದರೆ ಅಥವಾ ನಡುವೆ ಮುಳ್ಳು ಎದ್ದಿದ್ದರೆ ಅಲ್ಲೇ ನಿಂತು ಕಾರಣ ಹುಡುಕಬೇಕು.

ನೀರಿನ ತಾಪಮಾನದ ಸೆನ್ಸರನ್ನೂ ಹೀಗೇ ನಂಬದೆ ಅಳೆದೆ. ನಿಸಾನ್ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2.5 ಕಿಲೊಓಮ್, 80ರಲ್ಲಿ ಸುಮಾರು 0.32 ಕಿಲೊಓಮ್ ತೋರಿಸಬೇಕು. ಬಿಸಿನೀರು, ಥರ್ಮಾಮೀಟರ್, ಮಲ್ಟಿಮೀಟರ್ ಇಷ್ಟಿದ್ದರೆ ಸಾಕು.

ಮೊದಲ ಓಟ

ಇಂಜೆಕ್ಟರ್ ಕಂಪನಿ ಕೊಟ್ಟ ಡೆಡ್ ಟೈಮ್ ಅಂಕಿಗಳನ್ನು, ಅಂದರೆ ಬೇರೆ ಬೇರೆ ಬ್ಯಾಟರಿ ವೋಲ್ಟೇಜಿನಲ್ಲಿ ಇಂಜೆಕ್ಟರ್ ತೆರೆಯಲು ತೆಗೆದುಕೊಳ್ಳುವ ವಿಳಂಬವನ್ನು, ಹಾಗೇ ನಮೂದಿಸಿ ಎಂಜಿನ್ ಶುರುಮಾಡಿದೆ. ಇದು ತಪ್ಪಿದ್ದರೆ ದೊಡ್ಡ ಇಂಜೆಕ್ಟರಿನ ಐಡಲ್ ಎಂದಿಗೂ ನೆಲೆಗೊಳ್ಳುವುದಿಲ್ಲ, ಜನ ಸುಮ್ಮನೆ ಇಂಜೆಕ್ಟರನ್ನು ಬಯ್ಯುತ್ತಾರೆ.

ಬೇರೆ ಯಾವ ಅಂಕಿಯನ್ನೂ ಮುಟ್ಟುವ ಮೊದಲು ಟೈಮಿಂಗ್ ಲೈಟ್. ಇಸಿಯುವಿನಲ್ಲಿ ಕಿಡಿಯನ್ನು 15 ಡಿಗ್ರಿಗೆ ಬಿಗಿದು, ಪುಲ್ಲಿಯ ಗುರುತೂ 15 ತೋರಿಸುವವರೆಗೆ ಆಫ್‌ಸೆಟ್ ತಿದ್ದಬೇಕು. ಕಾಯಿಲ್ ನೇರ ಪ್ಲಗ್ ಮೇಲೇ ಕೂರುವುದರಿಂದ ಲೈಟಿನ ಕ್ಲಿಪ್ ಹಾಕಲು ತಂತಿಯೇ ಇಲ್ಲ. ಒಂದನೆಯ ಕಾಯಿಲನ್ನು ಮೇಲೆತ್ತಿ, ನಡುವೆ ಹಳೆಯ ಪ್ಲಗ್ ವೈರ್ ತುಂಡು ಸೇರಿಸಿ ಅದಕ್ಕೆ ಕ್ಲಿಪ್ ಹಾಕಿದೆ. ಗುಂಡಿ ತಿರುಗಿಸಿ ಡಿಗ್ರಿ ಓದುವ ಲೈಟ್‌ಗಳನ್ನು ನಂಬಬೇಡಿ, ಪ್ರತಿ ಸುತ್ತಿಗೂ ಕಿಡಿ ಹಾರುವ ವ್ಯವಸ್ಥೆಯಲ್ಲಿ ಅವು ದುಪ್ಪಟ್ಟು ತೋರಿಸುವುದುಂಟು. ಐಡಲ್‌ನಲ್ಲಿ ಸರಿಯಿದ್ದರೆ ಸಾಲದು, 4000ಕ್ಕೆ ಏರಿಸಿಯೂ ನೋಡಬೇಕು. ಗುರುತು ಜಾರಿದರೆ ಅದು ಸೆನ್ಸರಿನ ವಿಳಂಬ, ಅದಕ್ಕೆ ತಂತ್ರಾಂಶದಲ್ಲಿ ಬೇರೆ ತಿದ್ದುಪಡಿ ಇದೆ. ನನ್ನದರಲ್ಲಿ ಗುರುತು ಕೂದಲೆಳೆಯಷ್ಟು ಜಾರಿತು. ತಿದ್ದಿದ ಮೇಲೆ ನಿಂತಿತು.

ಆಮೇಲೆ ಡೈನೊಗೆ ಮೊದಲೇ ಕೂರಿಸಿದ್ದು ರಕ್ಷಣೆಗಳು. ತೈಲದ ಒತ್ತಡಕ್ಕೆ ಒಂದೇ ಗೆರೆ ಹಾಕಿದರೆ ಪ್ರಯೋಜನವಿಲ್ಲ. ಐಡಲ್‌ನಲ್ಲಿ ಒಂದು ಬಾರ್ ಆರೋಗ್ಯ. 6000ದಲ್ಲಿ ಅದೇ ಒಂದು ಬಾರ್ ಎಂದರೆ ಬೇರಿಂಗ್ ಕಥೆ ಮುಗಿಯಿತು. ಸಾವಿರ ಆರ್‌ಪಿಎಂಗೆ 0.7 ಬಾರ್ ಎಂಬ ಹಳೆಯ ರೂಢಿಯನ್ನು ಆಧಾರವಾಗಿಟ್ಟು, ಸ್ವಲ್ಪ ಕೆಳಗೆ ವೇಗಕ್ಕೆ ತಕ್ಕ ಗೆರೆ ಎಳೆದೆ. ಅದರ ಕೆಳಗಿಳಿದರೆ ಎಂಜಿನ್ ಬಂದ್. ಇಂಧನದ ಒತ್ತಡದಲ್ಲಿ ನೋಡಬೇಕಾದ್ದು ವ್ಯತ್ಯಾಸವನ್ನು: ರೆಗ್ಯುಲೇಟರ್ ಯಾವಾಗಲೂ ಮ್ಯಾನಿಫೋಲ್ಡಿಗಿಂತ 3 ಬಾರ್ ಹೆಚ್ಚು ಇಡಬೇಕು. ಬೂಸ್ಟ್ 1.2 ಬಾರ್ ಇದ್ದಾಗ ರೈಲಿನಲ್ಲಿ 4.2 ಇರಬೇಕು. ವ್ಯತ್ಯಾಸ ಅರ್ಧ ಬಾರ್ ಕುಸಿದರೆ ಪಂಪ್ ಸೋಲುತ್ತಿದೆ ಎಂದರ್ಥ, ಆಗ ಬೂಸ್ಟ್ ಇಳಿಸಿ ಕಿಡಿ ಕತ್ತರಿಸುವುದು. ಬೂಸ್ಟಿನಲ್ಲಿ ಲ್ಯಾಂಬ್ಡಾ (ಇಂಧನಕ್ಕೆ ಗಾಳಿಯ ಪ್ರಮಾಣ; 1 ಎಂದರೆ ಸರಿಸಮ) ಗುರಿ 0.78ರಿಂದ 0.80, ಅದು ಗುರಿ ಬಿಟ್ಟು ತೆಳುವಾದರೂ ಹೀಗೆಯೇ.

ವೇಗದ ಮಿತಿಯ ವಿಷಯದಲ್ಲಿ ಎಸ್‌ಆರ್20ಗೆ ತನ್ನದೇ ಕಾಯಿಲೆ ಇದೆ. ಇದರ ವಾಲ್ವ್ ಒತ್ತುವ ರಾಕರ್ ಆರ್ಮ್‌ಗಳನ್ನು ಹಿಡಿದಿಟ್ಟಿರುವುದು ಹೈಡ್ರಾಲಿಕ್ ಅಡ್ಜಸ್ಟರ್ ಮತ್ತು ಸ್ಪ್ರಿಂಗಿನ ಒತ್ತಡ ಮಾತ್ರ. ಮಿತಿಗೆ ಬಡಿದು ಎಂಜಿನ್ ಒಮ್ಮೆಲೇ ಜರ್ಕ್ ಹೊಡೆದಾಗ ರಾಕರ್ ಜಾಗ ಬಿಟ್ಟು ಹಾರುವುದು ಈ ಎಂಜಿನ್ ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ಹಾರದಂತೆ ತಡೆಯುವ ರಾಕರ್ ಸ್ಟಾಪರ್ ಸಿಗುತ್ತವೆ, ಹಾಕಿದ್ದೇನೆ. ಅದರ ಜೊತೆಗೆ 7300ಕ್ಕೆ ಗೋಡೆಯಂತೆ ನಿಲ್ಲಿಸದೆ, 7000ದಿಂದಲೇ ಒಂದೊಂದು ಕಿಡಿ ಬಿಡುತ್ತಾ ನಯವಾಗಿ ತಡೆಯುವ ಮಿತಿ. ಇಂಥ ನಯವಾದ ಮಿತಿ ಇಲ್ಲದ ಪೆಟ್ಟಿಗೆಯನ್ನು ಈ ಎಂಜಿನ್ನಿಗೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಒಲ್ಲೆ.

ನಾಕ್ ಸೆನ್ಸರ್ ಬಾಷ್‌ನ ಉಂಗುರದಂಥದ್ದು, ಬ್ಲಾಕಿಗೆ 20 ನ್ಯೂಟನ್‌ಮೀಟರ್ ಬಿಗಿತದಲ್ಲಿ ಕೂತಿದೆ. ಕೇಳಬೇಕಾದ ಸ್ವರ ಬೋರ್ ಮೇಲೆ ನಿಂತಿದೆ: 900ನ್ನು ಪೈ ಮತ್ತು ಮಿಲಿಮೀಟರ್ ತ್ರಿಜ್ಯದ ಗುಣಲಬ್ಧದಿಂದ ಭಾಗಿಸಿದರೆ ಕಿಲೊಹರ್ಟ್ಸ್ ಬರುತ್ತದೆ. 43 ಮಿ.ಮೀ.ಗೆ 6.7 ಕಿಲೊಹರ್ಟ್ಸ್. ಡೈನೊ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಯಂತ್ರದ ಗದ್ದಲದ ನಡುವೆ ನಾಕ್ ಒಂದು ಒಣ ಚಿಟಿಕೆಯ ಹಾಗೆ ಎದ್ದು ಬರುತ್ತದೆ. ಟ್ಯೂನರ್ ಕಿಡಿಯನ್ನು ಒಂದೊಂದು ಡಿಗ್ರಿ ಏರಿಸುತ್ತಾ, ಟಾರ್ಕ್ ಏರುವುದು ನಿಂತ ಕಡೆ ನಿಲ್ಲಿಸಿ ಎರಡು ಡಿಗ್ರಿ ಹಿಂದಕ್ಕೆ ತಂದರು. ಬೂಸ್ಟ್ ಸೊಲೆನಾಯ್ಡ್ ಮೂರು ದ್ವಾರದ್ದು, 30 ಹರ್ಟ್ಸ್. ಮೊದಲೆರಡು ಗೇರಿನಲ್ಲಿ 0.8 ಬಾರ್, ಮೂರರಿಂದ ಮೇಲೆ 1.2.

ವೈಡ್‌ಬ್ಯಾಂಡ್ ಟರ್ಬೊ ದಾಟಿದ ಪೈಪಿನಲ್ಲಿ, ಮೇಲ್ಮುಖವಾಗಿ ವಾಲಿಸಿ ಕೂರಿಸಿದ್ದೇನೆ. ಅಡ್ಡಡ್ಡಲಾಗಿ ಕೂರಿಸಿದರೆ ತಣ್ಣನೆಯ ಪೈಪಿನ ನೀರು ಬಿಸಿ ಸೆರಾಮಿಕ್ ಮೇಲೆ ಬಿದ್ದು ಅದು ಸೀಳುತ್ತದೆ.

ಬಾಕಿ ಇರುವುದು ಇ85. ಇಂಧನದ ಮರಳು ಪೈಪಿನಲ್ಲಿ ಫ್ಲೆಕ್ಸ್ ಸೆನ್ಸರಿಗೆ ಜಾಗ ಬಿಟ್ಟು, ಇಸಿಯುವಿನ ಒಂದು ಪ್ರವೇಶವನ್ನೂ ಕಾದಿರಿಸಿದ್ದೇನೆ. ಅದರ ಸಂಕೇತ ಸರಳ: 50 ಹರ್ಟ್ಸ್ ಎಂದರೆ ಎಥೆನಾಲ್ ಇಲ್ಲ, 150 ಎಂದರೆ ಪೂರ್ತಿ ಎಥೆನಾಲ್. ಅದಕ್ಕೆ ಬೇಕಾದ ಎರಡನೆಯ ಕಿಡಿ ಕೋಷ್ಟಕ ಇನ್ನೂ ಖಾಲಿ ಇದೆ. ಈಗಿನ ಪಂಪ್ 900 ಸಿಸಿ ಲೆಕ್ಕದ ಹರಿವನ್ನು 4.2 ಬಾರಿನಲ್ಲಿ ಎತ್ತುತ್ತದೆಯೇ ಎಂದು ಅಳೆದ ಮೇಲೆ ಅದನ್ನು ತುಂಬಿಸುವುದು.